ಸ್ಲಡ್ಜ್ ಚೀಲಕ್ಕೆ ನೋಟಿಸ್ ಬಂದಿದೆ, ಸೆಟಲ್ ಮಾಡ್ಕೋಬಹುದಾ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಕ್ರೋಮ್ ಪ್ಲೇಟಿಂಗ್ ಯೂನಿಟ್ ಇದೆ, ಆರು ಜನ ಕೆಲಸಕ್ಕಿದ್ದಾರೆ. ಹೋದ ತಿಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯವ್ರು ಬಂದಾಗ ಹಿಂದುಗಡೆ ಶೆಡ್ಡಲ್ಲಿ ಇಟಿಪಿ ಸ್ಲಡ್ಜ್ (ಕೊಳಕು ನೀರು ಶುದ್ಧ ಮಾಡೋ ಘಟಕದಲ್ಲಿ ಉಳಿಯೋ ಕೆಸರು) ಚೀಲಗಳು ಏಳೆಂಟು ತಿಂಗಳಿಂದ ಹಾಗೇ ಬಿದ್ದಿದ್ವು, ಈಗ ಶೋಕಾಸ್ ನೋಟಿಸ್ ಬಂದಿದೆ. ಪರಿಚಯದವ್ರೊಬ್ರು ಯಾರನ್ನಾದ್ರೂ ಹಿಡ್ದು ಸೆಟಲ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಜೈಲೇ ಗತಿ ಅಂತ ಹೆದರಿಸ್ತಿದ್ದಾರೆ. ಏನ್ ಮಾಡ್ಲಿ?
— ಓದುಗರು, ಬೆಂಗಳೂರು

ಉತ್ತರ: ಮೊದಲು ಒಂದು ಮಾತು, ಆ ಚೀಲಗಳನ್ನ ರಾತ್ರೋರಾತ್ರಿ ಗುಜರಿಯವ್ರಿಗೋ ರಾಜಕಾಲುವೆಗೋ ದಾಟಿಸ್ಬೇಡಿ. ಈಗಿರೋದು ಸರಿ ಮಾಡ್ಕೋಬಹುದಾದ ತಪ್ಪು, ಅದನ್ನ ಮಾಡಿದ್ರೆ ಆಗೋದು ಬೇರೇನೇ.

ಜೈಲಿನ ಮಾತು ಹಳೇದು. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಸೆಕ್ಷನ್ನಲ್ಲಿ ಮೊದಲು 5 ವರ್ಷದವರೆಗೆ ಜೈಲಿತ್ತು, ಜನ್ ವಿಶ್ವಾಸ್ ತಿದ್ದುಪಡಿ ಜಾರಿಗೆ ಬಂದ 2024ರ ಏಪ್ರಿಲ್ 1ರಿಂದ ಅದು ದಂಡ ಆಗಿದೆ, 10,000ದಿಂದ 15 ಲಕ್ಷ ರೂಪಾಯಿವರೆಗೆ. ಹಾಕೋದು ಇನ್‌ಸ್ಪೆಕ್ಷನ್‌ಗೆ ಬಂದವ್ರಲ್ಲ, ಬೇರೆ ನ್ಯಾಯನಿರ್ಣಯ ಅಧಿಕಾರಿ, ಅವ್ರ ಮುಂದೆ ನಿಮ್ಮ ಮಾತು ಹೇಳೋಕೆ ಅವಕಾಶ ಇರುತ್ತೆ, ಆದೇಶ ಒಪ್ಪಿಗೆ ಆಗದಿದ್ರೆ ಹಸಿರು ನ್ಯಾಯಮಂಡಳಿಗೆ ಅಪೀಲು ಹೋಗಬಹುದು. ಹಾಕಿದ ದಂಡ ಕಟ್ಟದೇ ಕೂತ್ರೆ ಮಾತ್ರ ಜೈಲಿನ ಪ್ರಶ್ನೆ ಮತ್ತೆ ಬರುತ್ತೆ.

ಸೆಟಲ್ ಅನ್ನೋದು ನಮ್ಮಲ್ಲಿ ಕಾಗದದ ಮೇಲೇ ಆಗ್ಬೇಕು. ಮಧ್ಯದವರ ಕೈಗೆ ಕೊಟ್ಟ ದುಡ್ಡಿಗೆ ರಸೀದಿ ಬರಲ್ಲ, ಫೈಲೂ ಮುಚ್ಚಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಯೂನಿಟ್ಟಲ್ಲಿ ಇಟ್ಕೊಳ್ಳೋಕೆ ಸಾಮಾನ್ಯವಾಗಿ 90 ದಿನ ಅಷ್ಟೇ, ನೀವು ಅದನ್ನ ಮೀರಿದ್ದೀರಿ, ಅದನ್ನ ಒಪ್ಕೊಂಡೇ ಉತ್ತರ ಬರೀರಿ. ಚೀಲಗಳನ್ನ ತೂಕ ಹಾಕ್ಸಿ, ಲೇಬಲ್ ಅಂಟ್ಸಿ, ಫೋಟೋ ತೆಗೀರಿ. ದಾಬಸ್‌ಪೇಟೆ ಕಡೆ ಇರೋ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕದಂಥ ಅಧಿಕೃತ ಜಾಗಕ್ಕೇ ಕಳ್ಸಿ, ಲಾರಿ ಜೊತೆ ಹೋಗೋ ಫಾರಂ 10 ಮ್ಯಾನಿಫೆಸ್ಟಿನ (ತ್ಯಾಜ್ಯ ಸಾಗಣೆ ಚೀಟಿ) ಕಾಪಿ, ತ್ಯಾಜ್ಯದ ಲೆಕ್ಕ ಬರೆಯೋ ಫಾರಂ 3 ರಿಜಿಸ್ಟರು, ಪ್ರತಿ ವರ್ಷ ಜೂನ್ 30ರೊಳಗೆ ಕೊಡಬೇಕಾದ ಫಾರಂ 4 ವಾರ್ಷಿಕ ರಿಟರ್ನ್ ಕೊಟ್ಟಿದ್ರೆ ಅದ್ರ ಅಕ್ನಾಲೆಡ್ಜ್‌ಮೆಂಟು ಎಲ್ಲಾ ಉತ್ತರದ ಜೊತೆ ಸೇರ್ಸಿ, ನೋಟಿಸಲ್ಲಿ ಹೇಳಿರೋ ದಿನದೊಳಗೇ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ತಪ್ಪು ಮುಂದುವರಿದ್ರೆ ದಿನಕ್ಕೆ 10,000 ರೂಪಾಯಿ ಹೆಚ್ಚುವರಿ ದಂಡಕ್ಕೂ ಕಾನೂನಲ್ಲಿ ಜಾಗ ಇದೆ, ಅದಕ್ಕೇ ಆ ಮ್ಯಾನಿಫೆಸ್ಟಿನ ಮೇಲಿರೋ ತಾರೀಕು ನಿಮ್ಮ ಕೈಲಿರೋ ದೊಡ್ಡ ಸಾಕ್ಷಿ.

ಚೀಲ ತೆಗೆದ ಮೇಲೆ ನೆಲ ನೋಡಿ. ಹಳದಿ ಕಲೆ ಬಿರುಕಿನೊಳಗೆ ಇಳಿದಿದ್ರೆ ಬೋರ್‌ವೆಲ್ ನೀರನ್ನ ಲ್ಯಾಬಿಗೆ ಕೊಟ್ಟು ಕ್ರೋಮಿಯಂ ಟೆಸ್ಟ್ ಮಾಡ್ಸಿ, ಪೀಣ್ಯದ ಅಂತರ್ಜಲದಲ್ಲಿ ಅದು ಮೊದಲೇ ಸಿಕ್ಕಿರೋ ವಿಷ. ನಿಮ್ಮ ಆರು ಜನ ಕುಡಿಯೋದು ಅದೇ ನೀರಾದ್ರೆ ರಿಪೋರ್ಟಿಗೆ ಕಾಯ್ಬೇಡಿ, ಇವತ್ತಿಂದ್ಲೇ ಕ್ಯಾನ್ ನೀರು ತರಿಸಿ.