ಮಂಚನಬೆಲೆ ಜಲಾಶಯದ ಸುತ್ತ ಗ್ರಾವೆಲ್ ಸೈಕಲ್ ತುಳಿಯಲು ದಾರಿ ಇದೆಯಾ?

ಹೊಸದಾಗಿ ಗ್ರಾವೆಲ್ ಸೈಕಲ್, ಅಂದರೆ ಮಣ್ಣು ಜಲ್ಲಿ ದಾರಿಗೂ ಒಗ್ಗುವ ದಪ್ಪ ಟೈರಿನ ಸೈಕಲ್, ತಗೊಂಡಿದ್ದೀರಿ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವಂತೆ ಮಂಚನಬೆಲೆ ಸುತ್ತ ಮಣ್ಣು ದಾರಿ ಇದೆಯಾ, ಕಾಡಿನೊಳಗೆ ತುಳಿಯಬಹುದಾ, ಒಬ್ಬರೇ ಹೋದರೆ ಪರವಾಗಿಲ್ಲವಾ ಎಂದು ಕೇಳಿದ್ದೀರಿ. ನಾನಿರುವುದು ಕೆಂಗೇರಿಯಲ್ಲಿ. ಏಳು ವರ್ಷದಿಂದ ತಿಂಗಳಿಗೆ ಒಂದೆರಡು ಭಾನುವಾರ ಆ ಕಡೆಗೇ ಹೋಗುತ್ತೇನೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ನೀರಿನ ಅಂಚಿಗೇ ಪೂರ್ತಿ ಒಂದು ಸುತ್ತು ಹಾಕಿಸುವ ದಾರಿ ಅಲ್ಲಿ ಇಲ್ಲ. ಮ್ಯಾಪ್ ನೋಡಿದರೆ ಇದೆ ಅನ್ನಿಸುತ್ತದೆ. ಆದರೆ ಸಾವನದುರ್ಗ ಬೆಟ್ಟದ ಕಡೆ ಇರುವುದು ಅರಣ್ಯ ಇಲಾಖೆಯ ಕಾಡು. ಅನುಮತಿ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ, ಸೈಕಲ್ ಆದರೂ ಅಷ್ಟೇ. ಆನೆ, ಚಿರತೆ, ಕರಡಿ ಓಡಾಡುವ ಸೀಮೆ ಅದು. ಹಿನ್ನೀರಿನ ದಡವೂ ಬೇಡ. ನಿಮಗೆ ಬೇಕಾದ ದಾರಿಗಳು ಊರಿಂದ ಹೊಲಕ್ಕೆ, ಹೊಲದಿಂದ ಪಕ್ಕದೂರಿಗೆ ಹೋಗುವ ಬಂಡಿ ಜಾಡುಗಳು, ಚಿಕ್ಕ ಕೆರೆಗಳ ಏರಿಗಳು. ಇವು ಬೇಕಾದಷ್ಟಿವೆ, ಮತ್ತು ತುಂಬಾ ಚೆನ್ನಾಗಿವೆ.

ನಾನು ಹೋಗುವ ದಾರಿ ಹೀಗೆ. ಕೆಂಗೇರಿಯಿಂದ ರಾಮೋಹಳ್ಳಿ, ಅಲ್ಲಿಂದ ಕೇತೋಹಳ್ಳಿಯ ದೊಡ್ಡ ಆಲದ ಮರ. ಅಲ್ಲಿವರೆಗೆ ಟಾರು. ಲಾರಿ ಓಡಾಟ ಜಾಸ್ತಿ, ಆದಷ್ಟು ಬೇಗ ದಾಟಿಬಿಡಿ. ಆಲದ ಮರದ ಹತ್ತಿರ ಮಾತ್ರ ಐದು ನಿಮಿಷ ನಿಲ್ಲಿ. ಅದರ ಮೂಲ ಕಾಂಡ 2000ರ ಹೊತ್ತಿಗೆ ರೋಗ ಬಂದು ಹೋಯಿತು. ಈಗ ನೀವು ನೋಡುವುದೆಲ್ಲ ಬಿಳಲುಗಳೇ ಬೇರಿಳಿಸಿ ಮರವಾಗಿರುವುದು. ಅದನ್ನು ದಾಟಿದ ಮೇಲೆ ಮಂಚನಬೆಲೆ ರಸ್ತೆಯ ಎರಡೂ ಬದಿಗೆ ಮಣ್ಣು ದಾರಿಗಳು ಒಡೆಯುತ್ತವೆ. ಮಾಗಡಿ ರಸ್ತೆ ಕಡೆಯವರಾದರೆ ತಾವರೆಕೆರೆ ಮೇಲೆ ಬನ್ನಿ, ಅದೂ ಆಗುತ್ತದೆ. ರಾಗಿ ಹೊಲ, ಮಾವಿನ ತೋಪು, ಅಲ್ಲಲ್ಲಿ ಹಿಪ್ಪುನೇರಳೆ ತೋಟ. ಒಂದು ಏರು ಹತ್ತಿದರೆ ಎದುರಿಗೆ ಸಾವನದುರ್ಗ ಎದ್ದು ನಿಂತಿರುತ್ತದೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರದ ಬೋಳು ಬಂಡೆ. ಕರಿಗುಡ್ಡ ಒಂದು ಕಡೆ, ಬಿಳಿಗುಡ್ಡ ಇನ್ನೊಂದು ಕಡೆ. ನೂರಾರು ಸಲ ನೋಡಿದ್ದೇನೆ, ಪ್ರತಿ ಸಲವೂ ಒಂದು ಕ್ಷಣ ಪೆಡಲ್ ನಿಲ್ಲುತ್ತದೆ.

ಮಂಚನಬೆಲೆಯಿಂದ ಸಾವನದುರ್ಗಕ್ಕೆ ಹೋಗುವುದು ಡಾಂಬರು ರಸ್ತೆ. ಕಾಡಿನ ನಡುವೆ ಹಾಯುತ್ತದೆ. ಅದು ಎಲ್ಲರೂ ಓಡಾಡುವ ರಸ್ತೆ, ಹಗಲಲ್ಲಿ ಧಾರಾಳವಾಗಿ ತುಳಿಯಬಹುದು. ಬದಿಗೆ ಒಳಗೆ ಹೋಗುವ ಜಾಡು ಎಷ್ಟೇ ಚೆಂದ ಕಂಡರೂ ಇಳಿಯಬೇಡಿ.

ಇನ್ನು ಆ ನೆಲದ ಬಗ್ಗೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ರಾಮನಗರ, ಸಾವನದುರ್ಗದ ಬೆಟ್ಟಗಳೆಲ್ಲ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುವ ಕಲ್ಲಿನವು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಿಂದಿನ ಕಲ್ಲು. ಅದರಲ್ಲಿ ಗುಲಾಬಿ ಬಣ್ಣದ ದಪ್ಪ ದಪ್ಪ ಹರಳುಗಳಿರುತ್ತವೆ. ಬಿಸಿಲು ಮಳೆಗೆ ಕಲ್ಲು ಸಡಿಲವಾದಾಗ ಈ ಹರಳುಗಳು ಬಿಡಿಬಿಡಿಯಾಗಿ ಉದುರುತ್ತವೆ. ಅದೇ ನೊರಜು. ಕೆಳಗೆ ಗಟ್ಟಿ ನೆಲ, ಮೇಲೆ ಒಂದು ಬೆರಳು ದಪ್ಪ ಈ ನೊರಜು. ಸಿಮೆಂಟ್ ನೆಲದ ಮೇಲೆ ಕಡಲೆ ಚೆಲ್ಲಿ ಅದರ ಮೇಲೆ ನಡೆದು ನೋಡಿ, ಹಾಗೆ. ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ.

ನನಗೆ ಗೊತ್ತಾದದ್ದು ಎರಡನೇ ವರ್ಷ. ಒಂದು ಹೊಂಗೆ ಮರದ ಪಕ್ಕ ಇಳಿಜಾರು, ಎಡಕ್ಕೆ ತಿರುವು. ಅಭ್ಯಾಸ ಬಲದಿಂದ ಮುಂದಿನ ಬ್ರೇಕ್ ಒತ್ತಿದೆ. ಚಕ್ರ ಹಾಗೇ ಜಾರಿ ಮಗುಚಿತು. ಮೊಣಕೈ ಪೂರ್ತಿ ತರಚಿ, ಆ ಗುಲಾಬಿ ಹರಳುಗಳು ಚರ್ಮದೊಳಗೆ ಹುದುಗಿ ಕೂತಿದ್ದವು. ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಓಡಿ ಬಂದರು. ತಮ್ಮ ಬಾಟಲಿಯ ನೀರು ಸುರಿದು ಒಂದೊಂದೇ ಕಲ್ಲು ಉಗುರಿನಿಂದ ತೆಗೆದರು. ಬದುವಿನ ಮೇಲಿನ ಸೊಪ್ಪು ಕಿತ್ತು ಅಂಗೈಯಲ್ಲಿ ಉಜ್ಜಿ ರಸ ಹಿಂಡಿದರು. "ನಿಧಾನಕ್ಕೆ ಹೋಗ್ಬಾರ್ದಾ ಮಗಾ, ದಾರಿ ಎಲ್ಲಿಗ್ ಓಡೋಗ್ತದೆ?" ಅಂದರು. ಅವರ ಕುಡಿಯುವ ನೀರು ಅಷ್ಟೂ ನನ್ನ ಕೈ ತೊಳೆಯಲು ಖರ್ಚಾಗಿತ್ತು. ಈಗಲೂ ಆ ಕಡೆ ಹೋದರೆ ಎರಡು ಬಾಟಲಿ ಜಾಸ್ತಿ ಒಯ್ಯುತ್ತೇನೆ.

ಬಿದ್ದದ್ದಕ್ಕೆ ಬ್ರೇಕ್ ಒಂದೇ ಕಾರಣ ಆಗಿರಲಿಲ್ಲ. ಸೈಕಲ್ ಕೊಟ್ಟ ಅಂಗಡಿಯವರು ಟೈರಿಗೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ, ಅಷ್ಟೇ ಇಟ್ಟುಕೊಳ್ಳಿ ಎಂದಿದ್ದರು. ನಾನೂ ನಂಬಿ ಅಷ್ಟೇ ಹೊಡೆಯುತ್ತಿದ್ದೆ. ನೊರಜಿನ ಮೇಲೆ ಅಷ್ಟು ಗಟ್ಟಿ ಟೈರು ಹಿಡಿತ ಕೊಡುವುದಿಲ್ಲ, ಪುಟಿಯುತ್ತದೆ. ನಿಮ್ಮ ತೂಕ 65–70 ಕೆಜಿ ಇದ್ದು ಟೈರು 40 ಎಂಎಂ ಇದ್ದರೆ 35ರಿಂದ 40 ಪಿಎಸ್‌ಐ ಸಾಕು. ಇನ್ನೂ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಹರಿಯುತ್ತದೆ. ಜಾಲಿ ಮುಳ್ಳು ಎಲ್ಲೆಲ್ಲೂ ಇದೆ. ಹಾಗಾಗಿ ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿದರೆ ಒಳ್ಳೆಯದು. ಆದರೂ ಒಂದು ಟ್ಯೂಬ್, ಪಂಪ್ ಜೊತೆಯಲ್ಲಿರಲಿ. ತಿರುವಿಗೆ ಮುಂಚೆಯೇ ವೇಗ ಕಮ್ಮಿ ಮಾಡಿ, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ. ಇಳಿಜಾರಿನಲ್ಲಿ ಮೈಭಾರ ಹಿಂದಕ್ಕಿರಲಿ, ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ.

ಕಾಲದ ವಿಷಯಕ್ಕೆ ಬಂದರೆ, ಮಳೆ ನಿಂತ ಮೇಲೆ ಜನವರಿ ಮುಗಿಯುವವರೆಗೆ ಒಳ್ಳೆಯದು. ಮಳೆ ಬಿದ್ದ ಮಾರನೇ ದಿನ ಕೆರೆ ಅಂಗಳದ ಕಡೆ ಹೋಗಬೇಡಿ. ಗೋಡು ಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಿದರೆ ಜಾರುತ್ತದೆ, ಹೊಟ್ಟು ಚೈನಿಗೆ ಸುತ್ತಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದು, ಅದು ಅವರ ವರ್ಷದ ದುಡಿಮೆ. ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ನನಗೆ ಈ ಸೀಮೆಯ ಒಳ್ಳೊಳ್ಳೆ ದಾರಿಗಳನ್ನು ತೋರಿಸಿದವರು ಇಂಥ ಕಣಗಳಲ್ಲಿ ನಿಂತು ಮಾತಾಡಿಸಿದ ಜನರೇ. "ಅಣ್ಣ, ಈ ದಾರಿ ಮುಂದಿನೂರಿಗೆ ಹೋಗುತ್ತಾ?" ಎಂದರೆ ಸಾಕು. ಯಾವ ತೋಟಕ್ಕೆ ಹೊಸದಾಗಿ ಬೇಲಿ ಬಿತ್ತು, ನಿನ್ನೆ ರಾತ್ರಿ ಆನೆ ಎಲ್ಲಿ ಬಂದಿತ್ತು, ಎಲ್ಲ ಹೇಳುತ್ತಾರೆ. ಫೋನಿನ ಮ್ಯಾಪಿಗೆ ಅದು ಗೊತ್ತಿರುವುದಿಲ್ಲ. ಅವರು ಬೇಡ ಅಂದರೆ ವಾಪಸ್ ತಿರುಗಿ.

ನೀರಿನ ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮೊದಲು ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿ ಜೊತೆ ಸೇರುತ್ತದೆ. ಅಲ್ಲಿ 1933ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ಚಾಮರಾಜ ಸಾಗರ ಇದೆ. ಅದೇ ನದಿ ಕೆಳಗೆ ಬಂದು ಮಂಚನಬೆಲೆಯಲ್ಲಿ ನಿಲ್ಲುತ್ತದೆ. ಬಿಸಿಲಲ್ಲಿ ತುಳಿದು ಬಂದವರಿಗೆ ಆ ನೀರು ನೋಡಿದರೆ ಇಳಿಯೋಣ ಅನ್ನಿಸುತ್ತದೆ. ದಡದಲ್ಲಿ ಮೊಣಕಾಲುದ್ದ ಇದ್ದದ್ದು ಎರಡು ಹೆಜ್ಜೆಗೆ ಆಳವಾಗುತ್ತದೆ, ತಳದಲ್ಲಿ ಕೆಸರು. ಈಜು ಬಂದ ಹುಡುಗರೂ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಕಾಲು ತೊಳೆಯಲೂ ಇಳಿಯಬೇಡಿ.

ಒಬ್ಬರೇ ಹೋಗಬಹುದಾ ಅಂದಿರಿ. ಮೊದಲ ಎರಡು ಸಲ ಯಾರನ್ನಾದರೂ ಕರೆದುಕೊಂಡು ಹೋಗಿ. ಕೆಲವು ತಗ್ಗುಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ನಾನು ಬಿದ್ದ ಜಾಗದಲ್ಲೂ ಇರಲಿಲ್ಲ. ಬೆಳಕು ಹರಿದ ಮೇಲೇ ಕೆಂಗೇರಿ ಬಿಡಿ, ಕತ್ತಲಲ್ಲಿ ಆ ಕಡೆ ಹೋಗುವುದು ಬೇಡ. ಬೆಂಗಳೂರು ಎತ್ತರದಲ್ಲಿದೆ, ಮಂಚನಬೆಲೆ ನದಿ ಕಣಿವೆಯಲ್ಲಿದೆ. ಹೋಗುವಾಗ ಕಾಲು ಹಗುರ ಅನ್ನಿಸುತ್ತದೆ, ವಾಪಸ್ ಬರುವಾಗ ಏರು, ಅದೂ ಬಿಸಿಲು ಏರಿದ ಮೇಲೆ. ಅದಕ್ಕೆ ಅರ್ಧ ನೀರು, ಅರ್ಧ ತಿಂಡಿ ವಾಪಸ್ ದಾರಿಗೆ ಎತ್ತಿಟ್ಟುಕೊಳ್ಳಿ. ಮೊದಲ ಸಲಕ್ಕೆ ಆಲದ ಮರ ದಾಟಿ ಹತ್ತು ಕಿಲೋಮೀಟರ್ ಮಣ್ಣು ದಾರಿ ಸಾಕು. ಸಾವನದುರ್ಗದವರೆಗೆ ಹೋಗುವುದನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ಹೋಗಿ ಬಂದ ಮೇಲೆ ಯಾವ ಊರಿನ ಹತ್ತಿರ ಎಡಕ್ಕೆ ಇಳಿದಿರಿ ಎಂದು ಇಲ್ಲೇ ಬರೆಯಿರಿ, ಮುಂದಿನ ಜಾಡು ಹೇಳುತ್ತೇನೆ.