ಲೈಬ್ರರಿಯಿಂದಲೇ ಹೊಸ ಭಾಷೆಯ ನಾಲ್ಕು ಮಾತು ಕಲಿಯಬಹುದಾ?

ಕ್ಲಾಸಿಗೆ ಸೇರದೆ, ದುಡ್ಡು ಹಾಕದೆ, ಲೈಬ್ರರಿಯಲ್ಲಿ ಸಿಗುವುದರಿಂದಲೇ ಹೊಸ ಭಾಷೆಯ ಒಂದಷ್ಟು ಪದ ಕಲಿಯಬಹುದಾ ಅಂತ ಕೇಳಿದ್ದೀರಿ. ಕಲಿಯಬಹುದು. ನಾನು ಇಂಡೋನೇಷ್ಯನ್ ಶುರು ಮಾಡಿದ್ದೇ ಹೀಗೆ. ಮಾತಾಡಲು ಬರುತ್ತದೆ ಅಂತ ಹೇಳಲಾರೆ. ಐವತ್ತು-ಅರವತ್ತು ಪದ ಮಾತ್ರ ಗಟ್ಟಿಯಾಗಿ ಕೂತಿವೆ.

ಮೊದಲು ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಪುಸ್ತಕ ಜೋಡಿಸುವ ಲೈಬ್ರರಿಗಳಲ್ಲಿ ಭಾಷೆಗಳೆಲ್ಲ 400ರಿಂದ 499ರ ಒಳಗೆ ಸಿಗುತ್ತವೆ. ಕನ್ನಡ 494.814, ಇಂಡೋನೇಷ್ಯನ್ 499.221. ನಾನು ಸೀದಾ ಆ ಕಪಾಟಿಗೆ ಹೋಗಿ, ಇದ್ದುದರಲ್ಲೇ ದಪ್ಪಗಿದ್ದ ವ್ಯಾಕರಣ ಪುಸ್ತಕ ಹೊತ್ತು ತಂದೆ. ಮನೆಗೆ ಬಂದು ಬಿಡಿಸಿದರೆ, ಮೂರನೇ ಪಾಠದವರೆಗೆ ಹಾಳೆಗಳು ಮಾಸಿವೆ, ಅಂಚಿನಲ್ಲಿ ಯಾರದ್ದೋ ಪೆನ್ಸಿಲ್ ಗುರುತು. ನಾಲ್ಕನೇ ಪಾಠದಿಂದ ಆಚೆ ಪುಸ್ತಕ ಹೊಸದರ ಹಾಗೇ ಇದೆ! ನಾನೂ ಅಲ್ಲೇ ನಿಂತೆ ಅನ್ನಿ.

ಎರಡನೇ ಸಲ ಮಕ್ಕಳ ವಿಭಾಗಕ್ಕೆ ಹೋದೆ. ಎರಡು ಭಾಷೆಯಲ್ಲಿ ಅಚ್ಚಾದ ಚಿತ್ರಪುಸ್ತಕ ಹಿಡಿದೆ. ಪುಟಕ್ಕೆ ಒಂದೇ ಸಾಲು. ಚಿತ್ರ ನೋಡಿದರೆ ಅರ್ಧ ಅರ್ಥ ಆಗಿಬಿಡುತ್ತದೆ, ಅದೇ ಪದ ನಾಲ್ಕು ಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ. ಬುಕು ಅಂದರೆ ಪುಸ್ತಕ. ಬುಕು-ಬುಕು ಅಂದರೆ ಪುಸ್ತಕಗಳು. ಬಹುವಚನ ಇಷ್ಟು ಸಲೀಸು ಅಂತ ಆ ದಪ್ಪ ಪುಸ್ತಕ ನನಗೆ ಹೇಳಿರಲೇ ಇಲ್ಲ. ಈ ಭಾಷೆಯಲ್ಲಿ ನಮಗೆ ಇನ್ನೊಂದು ಅನುಕೂಲವೂ ಇದೆ. ಸಂಸ್ಕೃತದಿಂದ ಅಲ್ಲಿಗೆ ಹೋದ ಪದಗಳು ಜಾಸ್ತಿ. ಗುರು ಅಂದರೆ ಗುರುವೇ, ನಾಮಾ ಅಂದರೆ ಹೆಸರು, ಬಹಾಸಾ ಅಂದರೆ ಭಾಷೆ. ಸುಆಮಿ ಅಂದರೆ ಗಂಡ. ಚಿಂತಾ ಅಂದರೆ, ನಂಬಿ, ಪ್ರೀತಿ! ಎರಡಕ್ಕೂ ಜಾಸ್ತಿ ದೂರ ಇಲ್ಲ ಅಲ್ವಾ?

ಬರೀ ಪುಸ್ತಕ ಸಾಲದು, ಕಿವಿಗೂ ಕೆಲಸ ಕೊಡಿ. ಇಂಡೋನೇಷ್ಯನ್ ಬರೆಯುವುದು ರೋಮನ್ ಅಕ್ಷರಗಳಲ್ಲಿ. ಅದರಲ್ಲಿ 'ಸಿ' ಅಕ್ಷರ ಬಂದಲ್ಲೆಲ್ಲ 'ಚ' ಅನ್ನಬೇಕು. ಇದು ಗೊತ್ತಿಲ್ಲದೆ, ಓದು ಅನ್ನುವುದಕ್ಕಿರುವ 'ಬಾಚಾ' ಪದವನ್ನು ಒಂದು ವಾರ 'ಬಾಕಾ' ಅಂತ ಉರು ಹೊಡೆದಿದ್ದೆ. ಪುಸ್ತಕದ ಜೊತೆ ಸಿಡಿ ಇರಬೇಕಿತ್ತು, ಹಿಂದಿನ ರಟ್ಟಿನ ಜೇಬು ಖಾಲಿ ಇತ್ತು. ಕೇಳಿದಾಗ ಕೌಂಟರಿನ ಒಳಗಿಂದ ತೆಗೆದುಕೊಟ್ಟರು. ಹಾಗಾಗಿ ಕಾಣಲಿಲ್ಲ ಅಂತ ಸುಮ್ನೆ ಬಂದುಬಿಡಬೇಡಿ, ಕೇಳಿ. ಕೆಲವು ಲೈಬ್ರರಿಗಳ ಕಾರ್ಡ್ ಇದ್ದರೆ ಮ್ಯಾಂಗೋ ಲ್ಯಾಂಗ್ವೇಜಸ್‌ನಂಥ ಆ್ಯಪ್ ಕೂಡ ಪುಕ್ಕಟೆ ಸಿಗುತ್ತದೆ. ಅದನ್ನೂ ವಿಚಾರಿಸಿ.

ನೆನಪಿಡುವುದಕ್ಕೆ, ಪಾಲ್ ಪಿಮ್ಸ್ಲರ್ ಅನ್ನುವ ಭಾಷಾ ತಜ್ಞರು 1967ರಲ್ಲಿ ಕೊಟ್ಟ ಲೆಕ್ಕ ನನಗೆ ಒಗ್ಗಿತು. ಹೊಸ ಪದವನ್ನು 5 ಸೆಕೆಂಡ್ ಬಿಟ್ಟು ನೆನಪಿಸಿಕೊಳ್ಳಬೇಕು. ಆಮೇಲೆ 25 ಸೆಕೆಂಡ್, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, ಹೀಗೆ ಅಂತರ ಹಿಗ್ಗುತ್ತಾ ಹೋಗುತ್ತದೆ. ಗಡಿಯಾರ ಹಿಡಿದು ಕೂರುವವರು ಯಾರು? ನಾನು ದಿನಕ್ಕೆ ಐದು ಪದ ಒಂದು ಚೀಟಿಯಲ್ಲಿ ಬರೆದು, ಅದನ್ನೇ ಪುಸ್ತಕದ ಗುರುತಿಗೆ ಇಡುತ್ತೇನೆ. ಪುಸ್ತಕ ತೆಗೆದಾಗಲೆಲ್ಲ ಅರ್ಥ ಮುಚ್ಚಿಕೊಂಡು ಹೇಳುವುದು. ವಾಪಸ್ ಕೊಡುವ ದಿನ ಎಲ್ಲ ಚೀಟಿಗಳ ಪರೀಕ್ಷೆ. ಅರ್ಧಕ್ಕಿಂತ ಜಾಸ್ತಿ ತಪ್ಪಿದರೆ ಅದೇ ಪುಸ್ತಕ ರಿನ್ಯೂ.

ಒಂದು ಚಿತ್ರಪುಸ್ತಕವನ್ನು ಮೂರು ಸಲ ರಿನ್ಯೂ ಮಾಡಿಸಿದ್ದೇನೆ. "ಮಗುವಿಗೆ ತುಂಬಾ ಇಷ್ಟ ಆಗಿದೆ ಅನ್ಸುತ್ತೆ" ಅಂದರು ಕೌಂಟರಿನವರು. ಹೂಂ ಅಂದೆ.