ಮ್ಯೂಟ್ ಮಾಡಬೇಡಿ ಮೇಷ್ಟ್ರೇ

ಹಾಸನ ಜಿಲ್ಲೆಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ವಿದ್ಯಾರ್ಥಿಗಳಿಗೆ ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ ಚಿತ್ರದ ಮೊದಲ ಶಾಟ್ ತೋರಿಸಿದೆ. ಕ್ಯಾಮೆರಾ ಚಲನೆಯ ಮೇಲೇ ಗಮನವಿರಲಿ ಎಂದು ಸೌಂಡ್ ಮ್ಯೂಟ್ ಮಾಡಿದ್ದೆ. ಸಿನಿಮಾದ ಆರಂಭವೆಂದರೆ ಕಣ್ಣಿಗೆ ಕಟ್ಟುವ ಚಿತ್ರ. ಸದ್ದು ಊಟದೆಲೆಯ ಉಪ್ಪಿನಕಾಯಿ ಇದ್ದ ಹಾಗೆ, ಇಲ್ಲದಿದ್ದರೂ ಊಟ ನಡೆಯುತ್ತದೆ. ಇನ್ನು ಬಣ್ಣದ ಕಾಲದಲ್ಲೂ ಕೆಲವರು ಕಪ್ಪು–ಬಿಳುಪಿನಲ್ಲಿ ಸಿನಿಮಾ ಶುರು ಮಾಡುವುದು ಬರೀ ಶೋಕಿ ಅನ್ನಿಸುತ್ತದೆ. ತಾವೇನು ಹೇಳುತ್ತೀರಿ?”

ಮೇಷ್ಟ್ರೇ, 1958ರ ಆ ಚಿತ್ರವನ್ನು ಇಂದಿನ ಹುಡುಗರ ಮುಂದೆ ಇಟ್ಟಿರಲ್ಲ, ಅದಕ್ಕೆ ಮೊದಲು ನಮಸ್ಕಾರ. ಪಠ್ಯಕ್ರಮ ಮುಗಿಸಿ ಕೈತೊಳೆದುಕೊಳ್ಳುವವರೇ ಹೆಚ್ಚಾಗಿರುವಾಗ ನಿಮ್ಮಂಥವರು ಸಿಗುವುದು ಅಪರೂಪ. ಕ್ಯಾಮೆರಾ ಕಲಿಸುವಾಗ ಸದ್ದು ತೆಗೆದು ತೋರಿಸುವ ಪದ್ಧತಿಯೂ ಇದೆ, ಒಂದು ಸಲಕ್ಕೆ ತಪ್ಪೇನಿಲ್ಲ. ಆದರೆ ಮ್ಯೂಟ್ ಮಾಡಲು ನಿಮಗೆ ಬೇರೆ ಶಾಟೇ ಸಿಗಲಿಲ್ಲವೇ? ಇದರ ಸದ್ದಿಗಾಗಿಯೇ ಒಬ್ಬ ನಿರ್ದೇಶಕ ಸ್ಟುಡಿಯೊ ಎದುರು ನಿಂತು ಸೋತ ಕತೆ ಇದೆ.

ನಿಮ್ಮ ಹುಡುಗರು ಕಂಡದ್ದನ್ನು ಇತರ ಓದುಗರಿಗಾಗಿ ಹೇಳಿಬಿಡುತ್ತೇನೆ. ಅಮೆರಿಕ–ಮೆಕ್ಸಿಕೊ ಗಡಿಯ ಊರು, ರಾತ್ರಿ. ಒಬ್ಬ ಟೈಮ್ ಬಾಂಬಿಗೆ ಕೀ ಕೊಟ್ಟು, ನಿಂತಿದ್ದ ಕಾರಿನ ಡಿಕ್ಕಿಯಲ್ಲಿಟ್ಟು ಓಡುತ್ತಾನೆ. ಏನೂ ತಿಳಿಯದ ಗಂಡು–ಹೆಣ್ಣು ಬಂದು ಆ ಕಾರು ಹತ್ತುತ್ತಾರೆ. ಕ್ರೇನಿನ ಮೇಲಿನ ಕ್ಯಾಮೆರಾ ಮಾಳಿಗೆಯೆತ್ತರಕ್ಕೆ ಏರಿ ಇಳಿದು, ಆಡಿನ ಮಂದೆ, ನಡೆದುಹೋಗುವ ನವದಂಪತಿ, ಗಡಿ ಠಾಣೆ ಎಲ್ಲವನ್ನೂ ಹಾದು ಹೋಗುತ್ತದೆ. ಮೂರು ನಿಮಿಷ ದಾಟುವ ಒಂದೇ ಶಾಟ್, ನಡುವೆ ಒಂದೂ ಕಟ್ ಇಲ್ಲ.

ಯೂನಿವರ್ಸಲ್ ಸ್ಟುಡಿಯೊ ಇದರ ಮೇಲೆ ಟೈಟಲ್ ಅಕ್ಷರಗಳನ್ನು ಹಾಸಿ, ಉದ್ದಕ್ಕೂ ಹೆನ್ರಿ ಮ್ಯಾನ್ಸಿನಿಯ ಸಂಗೀತ ಹೊದಿಸಿತು. ಮ್ಯಾನ್ಸಿನಿ ದೊಡ್ಡ ಸಂಗೀತಗಾರ, ಆ ತುಣುಕು ಕೇಳಲೂ ಚೆನ್ನಾಗಿದೆ, ಒಪ್ಪುತ್ತೇನೆ. ವೆಲ್ಸ್‌ಗೆ ಬೇಕಾಗಿದ್ದುದು ಅದಲ್ಲ. ಅಷ್ಟು ಹೊತ್ತಿಗೆ ಸಂಕಲನ ಅವನ ಕೈತಪ್ಪಿ ಹೋಗಿತ್ತು. ಸ್ಟುಡಿಯೊ ಕತ್ತರಿಸಿದ ಪ್ರತಿಯನ್ನು ನೋಡಿ 1957ರ ಡಿಸೆಂಬರಿನಲ್ಲಿ 58 ಪುಟಗಳ ಟಿಪ್ಪಣಿ ಬರೆದ. ಬೀದಿಯ ಒಂದೊಂದು ಕ್ಲಬ್ಬಿನ ಬಾಗಿಲಿನಿಂದ ಒಂದೊಂದು ಹಾಡು ಕೇಳಿಬರಬೇಕು, ಅವು ಒಂದರ ಮೇಲೊಂದು ಬೀಳಬೇಕು ಎಂಬುದು ಅವನ ಆಸೆ. ರೇಡಿಯೊ ನಾಟಕಗಳಲ್ಲಿ ಪಳಗಿದವನು, 1938ರಲ್ಲಿ ಮಂಗಳಗ್ರಹದವರ ದಾಳಿಯನ್ನು ಬರೀ ಸದ್ದಿನಿಂದ ಕಟ್ಟಿದವನು. ಇಂಥವನಿಗೆ ಕಿವಿಯ ಬೆಲೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಸ್ಟುಡಿಯೊ ಬಹುಪಾಲು ಮಾತಿಗೆ ಕಿವಿಗೊಡಲಿಲ್ಲ. 1985ರಲ್ಲಿ ಅವನು ತೀರಿಕೊಂಡ.

ಆ ಟಿಪ್ಪಣಿಯನ್ನು ಮುಂದಿಟ್ಟುಕೊಂಡು ಸಂಕಲನಕಾರ ವಾಲ್ಟರ್ ಮರ್ಚ್ ಚಿತ್ರವನ್ನು ಮತ್ತೆ ಸಂಕಲಿಸಿದ್ದು 1998ರಲ್ಲಿ. ಮ್ಯಾನ್ಸಿನಿಯ ಸಂಗೀತ ಸರಿಸಿದರೆ ಅಡಿಯಲ್ಲಿ ಹೆಜ್ಜೆ ಸಪ್ಪಳ, ಆಡುಗಳ ದನಿ, ವಾಹನಗಳ ಗದ್ದಲ ಎಲ್ಲ ಹಾಗೇ ಇತ್ತು! ಅದರ ಮೇಲೆ ಮರ್ಚ್ ಕ್ಲಬ್ಬುಗಳ ಹಾಡುಗಳನ್ನು ಕೂರಿಸಿದ, ಕಾರಿನ ರೇಡಿಯೊಕ್ಕೂ ಅದರದೇ ಹಾಡು ಕೊಟ್ಟ. ಕಾರು ಹತ್ತಿರ ಬಂದರೆ ಆ ಹಾಡು ಏರುತ್ತದೆ, ದೂರ ಸರಿದರೆ ಇಳಿಯುತ್ತದೆ. ಕಾರು ಪರದೆಯಿಂದಾಚೆ ಇದ್ದಾಗಲೂ ಬಾಂಬು ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಕಿವಿ ಅಳೆಯುತ್ತಲೇ ಇರುತ್ತದೆ. ಹಳೆಯ ಪ್ರತಿಯಲ್ಲಿ ನಾವು ಕ್ಯಾಮೆರಾದ ಚಮತ್ಕಾರ ನೋಡುತ್ತಿದ್ದೆವು, ಹೊಸದರಲ್ಲಿ ಆ ನವದಂಪತಿಗಾಗಿ ಹೆದರುತ್ತೇವೆ. ಚಿತ್ರದ ಮೇಲಿದ್ದ ಟೈಟಲ್ ಅಕ್ಷರ ಹೋಯಿತು, ಸದ್ದು ಬದಲಾಯಿತು, ಅಷ್ಟೇ. ಇನ್ನೂ ಉಪ್ಪಿನಕಾಯಿ ಅನ್ನುತ್ತೀರಾ?

ಕಪ್ಪು–ಬಿಳುಪಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಣ್ಣದ ಚಿತ್ರವಾಗಿದ್ದರೆ ಕಾರಿಗೆ ಕೆಂಪು ಬಳಿದರಾಯಿತು, ಎಂಥ ಸಂದಣಿಯಲ್ಲೂ ಕಣ್ಣು ಅದನ್ನು ಹಿಡಿದುಬಿಡುತ್ತದೆ. ನೆರಳು–ಬೆಳಕು ಮಾತ್ರ ಇರುವಲ್ಲಿ ಆ ಗುರುತು ಸಿಗುವುದಿಲ್ಲ, ಕಿವಿ ಚುರುಕಾಗಲೇಬೇಕು. ಬಣ್ಣ ಬಿಟ್ಟ ನಿರ್ದೇಶಕ ಸದ್ದಿಗೆ ಜಾಗ ಮಾಡಿಕೊಡುತ್ತಾನೆ ಎಂದೇ ನಾನು ನಂಬಿದ್ದೇನೆ. 1931ರ ‘ಎಂ’ ನೋಡಿ. ಫ್ರಿಟ್ಸ್ ಲಾಂಗ್‌ನ ಮೊದಲ ಟಾಕಿ. ಪರದೆ ಇನ್ನೂ ಕತ್ತಲಾಗಿರುವಾಗಲೇ ಮಗುವೊಂದು ಕೊಲೆಗಾರನ ಮೇಲೆ ಕಟ್ಟಿದ ಆಟದ ಪದ ಹೇಳುತ್ತದೆ. ಸ್ವಲ್ಪ ಹೊತ್ತಿಗೆ ತಾಯಿ ‘ಎಲ್ಸೀ’ ಎಂದು ಕೂಗುತ್ತಾಳೆ. ಕೂಗಿಗೆ ಓಗೊಡುವವರಿಲ್ಲದ ಮೆಟ್ಟಿಲು, ಬಟ್ಟೆ ಒಣಹಾಕಿದ ಅಟ್ಟ, ಮುಟ್ಟದ ಊಟದ ತಟ್ಟೆ ಕಾಣುತ್ತವೆ. ಕೊಲೆಯನ್ನು ತೋರಿಸುವುದೇ ಇಲ್ಲ.

ಸಂಗೀತವೇ ಬೇಡ ಅನ್ನುವ ಪೈಕಿ ನಾನಲ್ಲ. 1960ರ ‘ಸೈಕೋ’ಗೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿದ. ಚಿತ್ರ ಕಪ್ಪು–ಬಿಳುಪು, ಅದಕ್ಕೆ ಕಪ್ಪು–ಬಿಳುಪಿನ ನಾದವೇ ಒಪ್ಪುತ್ತದೆ ಎಂಬುದು ಅವನ ವಿವರಣೆ. 1980ರ ‘ರೇಜಿಂಗ್ ಬುಲ್’ ಬಂದದ್ದು ಬಣ್ಣವೇ ರೂಢಿಯಾಗಿದ್ದ ಕಾಲಕ್ಕೆ. ಮಂಜು ಮುಸುಕಿದ ರಿಂಗಿನಲ್ಲಿ ಒಂಟಿ ಬಾಕ್ಸರ್ ನಿಧಾನಗತಿಯಲ್ಲಿ ಕುಣಿಯುತ್ತಾನೆ, ಮೇಲೆ ಮಸ್ಕಾಗ್ನಿಯ ಒಪೆರಾದ ಇಂಟರ್‌ಮೆಝೊ, ಅಂದರೆ ನಡುವೆ ಬರುವ ವಾದ್ಯಸಂಗೀತ. ಅದನ್ನು ಬಣ್ಣದಲ್ಲಿ ಊಹಿಸಿ ನೋಡಿ. ಶೋಕಿ ಎಂಬ ಮಾತನ್ನು ನೀವೇ ಹಿಂದೆಗೆದುಕೊಳ್ಳುತ್ತೀರಿ.

ನಮ್ಮಲ್ಲಿ ಏನಾಗಿದೆ? 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿದರು. ಜನ ನುಗ್ಗಿ ನೋಡಿದರು, ಅಣ್ಣಾವ್ರ ಮೇಲಿನ ಪ್ರೀತಿ ಅದು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಕಪ್ಪು–ಬಿಳುಪು ಎಂದರೆ ಬಡತನ, ಬಣ್ಣ ಹಚ್ಚುವುದೇ ಉಪಕಾರ ಎಂಬ ಭಾವನೆ ಬೇರೂರಿದ್ದು ನನಗೆ ನೋವು. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಕಪ್ಪು–ಬಿಳುಪಿನಲ್ಲೇ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಆ ಬೂದುಬಣ್ಣದ ಮಲೆನಾಡಿಗೆ, ಬಿ.ವಿ. ಕಾರಂತರ ಸಂಗೀತಕ್ಕೆ ನಮ್ಮೂರಲ್ಲಿ ಎಷ್ಟು ಥಿಯೇಟರು ಬಾಗಿಲು ತೆರೆದಾವು?

ಇನ್ನು ಮೊದಲ ಐದು ನಿಮಿಷ ಕೂತು ನೋಡುವ ತಾಳ್ಮೆ. ಥಿಯೇಟರಿನಲ್ಲಿ ಆ ಹೊತ್ತಿಗೆ ಸೀಟು ಹುಡುಕುವವರ ಮೊಬೈಲ್ ಬೆಳಕು, ಕೃತಜ್ಞತೆಯ ಪಟ್ಟಿ, ತಂಬಾಕಿನ ಎಚ್ಚರಿಕೆ. ಎಚ್ಚರಿಕೆ ಬೇಕು, ಸರಿ. ಅದಾದ ಮೇಲಾದರೂ ಒಂದು ಗಳಿಗೆ ನಿಶ್ಶಬ್ದ ಬೇಡವೇ? ನಿರ್ದೇಶಕರೂ ಅದನ್ನು ನಂಬುವುದಿಲ್ಲ, ನಾಯಕನ ಎಂಟ್ರಿಗೆ ಕಿವಿ ಗುಂಯ್‌ಗುಡುವಂತೆ ಬಾರಿಸುತ್ತಾರೆ. ಹಳೆಯ ಚಿತ್ರ ಹಾಕುವ ಟಿವಿಗಳು ಟೈಟಲ್ ಕಾರ್ಡನ್ನೇ ಕತ್ತರಿಸುತ್ತವೆ. ಒಟಿಟಿಯಲ್ಲಂತೂ ಆರಂಭವನ್ನು ಹಾರಿಸಲೆಂದೇ ಒಂದು ಗುಂಡಿ ಇದೆ. ಸಂಕಲನಕಾರ, ಶಬ್ದಗ್ರಾಹಕ, ಛಾಯಾಗ್ರಾಹಕ ಇವರ ಹೆಸರುಗಳು ಇರುವುದೇ ಅಲ್ಲಿ. ಹೆಸರೇ ಓದದ ಮೇಲೆ ಅವರ ಕೆಲಸ ಯಾರಿಗೆ ಕಂಡೀತು?

ಹೀಗೆ ಮಾಡಿ ಮೇಷ್ಟ್ರೇ. 1998ರ ಆವೃತ್ತಿ ಹುಡುಕಿ ತನ್ನಿ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್ ನಂಬಬೇಡಿ, ಸಭಾಂಗಣದ ದೊಡ್ಡ ಸ್ಪೀಕರಿಗೆ ಜೋಡಿಸಿ. ಮೊದಲು ಚಿತ್ರ ಮುಚ್ಚಿ ಬರೀ ಸದ್ದು ಕೇಳಿಸಿ, ಕಾರು ಹತ್ತಿರ ಬಂದದ್ದು ಯಾವಾಗ, ದೂರ ಹೋದದ್ದು ಯಾವಾಗ ಎಂದು ಹುಡುಗರು ಗುರುತು ಹಾಕಿಕೊಳ್ಳಲಿ. ಆಮೇಲೆ ಚಿತ್ರದೊಂದಿಗೆ ತೋರಿಸಿ. ಕೊನೆಗೆ ಮ್ಯಾನ್ಸಿನಿಯ ಸಂಗೀತವಿರುವ 1958ರದು. ಅವರು ಬರೆದದ್ದನ್ನು ನನಗೆ ಕಳಿಸಿಕೊಡಿ, ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇನೆ.

– ಸಂಪಾದಕ